ಹೊಸ ಹುಡ್ ಹಾಕಿಸುವ ಮೊದಲು ನೀರಿನ ದಾರಿ ನೋಡಿ

ಮೇ ತಿಂಗಳು ಬಂತೆಂದರೆ ಬೆಳಗಾವಿಯ ಕುಶನ್ ಅಂಗಡಿಗಳ ಮುಂದೆ ಬಟ್ಟೆಯ ಮೇಲ್ಛಾವಣಿ, ಅಂದರೆ ಹುಡ್ ಇರುವ ಸಾಫ್ಟ್ ಟಾಪ್ ಮಾರುತಿ ಜಿಪ್ಸಿಗಳು ಬಂದು ನಿಲ್ಲುತ್ತವೆ. ಅಪರೂಪಕ್ಕೊಮ್ಮೆ ಅವುಗಳ ನಡುವೆ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೂ ಕಾಣುತ್ತದೆ. ಮಾಲೀಕರೆಲ್ಲರ ಮಾತು ಒಂದೇ: "ಹೋದ ಮಳೆಗಾಲ ಒಳಗೆಲ್ಲ ನೀರ್ ಬಂತ್ರೀ, ಹುಡ್ ಹೊಸಾದು ಹಾಕಿ ಬಿಡ್ರಿ." ಹೊಸ ಹುಡ್ ಬರುತ್ತದೆ, ದುಡ್ಡು ಹೋಗುತ್ತದೆ. ಜುಲೈನಲ್ಲಿ ಚೋರ್ಲಾ ಘಾಟಿನ ಮಳೆಗೆ ಸಿಕ್ಕಾಗ ಕಾಲಡಿಯ ಮ್ಯಾಟ್ ಮತ್ತೆ ತೊಯ್ಯುತ್ತದೆ. ಸೋರುತ್ತಿದ್ದದ್ದು ಬಟ್ಟೆ ಆಗಿದ್ದರೆ ತಾನೇ!

ಹುಡ್ ತೆರೆಯುವ ಕಾರಿಗೆ ನೀರು ಬರೀ ಮ್ಯಾಟಿನ ಸಮಸ್ಯೆಯಲ್ಲ. ಸಾಮಾನ್ಯ ಕಾರಿನ ಬಾಡಿ ಬಿಗಿಯಾಗಿರಲು ಅದರ ತಗಡಿನ ಮೇಲ್ಛಾವಣಿಯೂ ಕಾರಣ. ಅದಿಲ್ಲದ ಕಾರಿನಲ್ಲಿ ಆ ಕೆಲಸವನ್ನು ಬಹುಪಾಲು ಮಾಡುವುದು ಬಾಗಿಲ ಕೆಳಗಿನ ಸಿಲ್‌ಗಳು. ಅವು ಒಳಗೆ ಟೊಳ್ಳು. ನೀರು ಅಲ್ಲಿ ನಿಂತರೆ ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುವಾಗಲೇ ಒಳಗಿನಿಂದ ಜಂಗು ತಿನ್ನುತ್ತದೆ. ಜಿಪ್ಸಿಗೆ ಕೆಳಗೆ ಪ್ರತ್ಯೇಕ ಚಾಸಿ (ಕಬ್ಬಿಣದ ಚೌಕಟ್ಟು) ಇರುವುದರಿಂದ ಸ್ವಲ್ಪ ಬಚಾವ್. ಬೆಂಗಳೂರಿನ ಸ್ಯಾನ್ ಕಂಪನಿಯ ಸ್ಟಾರ್ಮ್ ಕಾರಿನ ಬಾಡಿ ಫೈಬರ್‌ನದು, ಅದಕ್ಕೆ ತುಕ್ಕಿಲ್ಲ. ಆದರೆ ಕೆಳಗಿನ ಕಬ್ಬಿಣಕ್ಕೂ ನಟ್ಟು-ಬೋಲ್ಟಿಗೂ ಇದ್ದೇ ಇದೆ.

ಹೆಜ್ಜೆ 1: ಕಾರು ತೊಳೆದು, ಒಳಗಿನ ಮ್ಯಾಟ್, ಕಾರ್ಪೆಟ್ ಎಲ್ಲ ತೆಗೆದು ಒಂದು ದಿನ ಬಿಸಿಲಿಗೆ ಬಿಡಿ. ಇಷ್ಟೇ.

ಹೆಜ್ಜೆ 2: ನೀರು ಹೊರಹೋಗುವ ದಾರಿ

ಎಲ್ಲರೂ ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಾರೆ. ಮೊದಲು ನೋಡಬೇಕಾದದ್ದು ಎಲ್ಲಿಂದ ಹೋಗುತ್ತಿಲ್ಲ ಎಂಬುದನ್ನು. ಸಾಫ್ಟ್ ಟಾಪ್ ಸ್ಪೋರ್ಟ್ಸ್ ಕಾರುಗಳಲ್ಲಿ ಹುಡ್ ಮೇಲೆ ಬಿದ್ದ ನೀರು ಹಿಂಬದಿಯ ಸಣ್ಣ ಕಾಲುವೆಗೆ ಇಳಿದು, ಎರಡೂ ಬದಿಯ ತೂತುಗಳಿಂದ ಪೈಪಿಗೆ ಸೇರಿ, ಕಾರಿನ ಕೆಳಗೆ ಬೀಳುವ ಹಾಗೆ ಮಾಡಿರುತ್ತಾರೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ರಲ್ಲಿ ಈ ತೂತುಗಳು ಸೀಟಿನ ಹಿಂದೆ, ಬೆಲ್ಟಿನ ಹತ್ತಿರ ಇವೆ. ಆ ಕಾರುಗಳ ಸಿಲ್ ಕೊಳೆಯುವುದಕ್ಕೆ ಈ ತೂತು ಕಟ್ಟಿಕೊಳ್ಳುವುದು ಒಂದು ಹಳೆಯ ಕಾರಣ. ಬೆಳಗಾವಿಯ ಕ್ಯಾಂಪ್ ಭಾಗದ ದೊಡ್ಡ ಮರಗಳ ಕೆಳಗೆ ಗಾಡಿ ನಿಲ್ಲಿಸುವವರು ಕೇಳಿ: ಎಲೆ, ಹೂವಿನ ಪುಡಿ, ಮಣ್ಣು ಎಲ್ಲ ಸೇರಿ ಅಲ್ಲಿ ಗಟ್ಟಿ ಕೆಸರಾಗಿ ಕೂತಿರುತ್ತದೆ.

ಒಂದು ಗ್ಲಾಸ್ ನೀರನ್ನು ತೂತಿಗೆ ನಿಧಾನ ಹೊಯ್ಯಿರಿ. ಕಾರಿನ ಕೆಳಗೆ ತಕ್ಷಣ ಧಾರೆ ಬೀಳಬೇಕು. ತೊಟ್ಟಿಕ್ಕಿದರೆ ಅರ್ಧ ಕಟ್ಟಿದೆ. ಬೀಳಲೇ ಇಲ್ಲವೆಂದರೆ ಆ ನೀರು ಸಿಲ್ ಒಳಗೆ ಹೋಗಿರಬಹುದು, ಇನ್ನು ಹೊಯ್ಯಬೇಡಿ. ಬಿಡಿಸಲು ಕಬ್ಬಿಣದ ತಂತಿ ಬೇಡವೇ ಬೇಡ, ಪೈಪಿಗೆ ತೂತು ಬೀಳುತ್ತದೆ. ಕಂಪ್ರೆಸರ್ ಗಾಳಿಯೂ ಬೇಡ. ಕೆಳಗಿನ ಜಾಯಿಂಟ್ ಕಳಚಿದರೆ ನೀರು ಖಾಯಂ ಸಿಲ್ಲಿಗೇ. ಹುಲ್ಲು ಕತ್ತರಿಸುವ ಮಷಿನ್ನಿನ ನೈಲಾನ್ ದಾರ ಸಿಗುತ್ತದಲ್ಲ, ಅದರ ತುದಿಯನ್ನು ಸ್ವಲ್ಪ ದುಂಡಗೆ ಮಾಡಿ ತಿರುಗಿಸುತ್ತ ಇಳಿಸಿ. ಮೇಲಿಂದ ಆಗದಿದ್ದರೆ ಕೆಳಗಿನಿಂದ.

ಹೆಜ್ಜೆ 3: ಸೋರುವ ಜಾಗ ಹಿಡಿಯುವುದು

ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗೆ ಪೈಪ್ ಹಿಡಿಯಲಿ. ವಾಷಿಂಗ್ ಸೆಂಟರ್‌ನ ಪ್ರೆಶರ್ ಗನ್ ತರಬೇಡಿ, ಅದಕ್ಕೆ ಒಳ್ಳೆಯ ಹುಡ್ ಕೂಡ ಸೋರುತ್ತದೆ. ಮಂದ ಧಾರೆ ಸಾಕು. ಹೆಚ್ಚಿನವರು ಎಡವುವುದು ಇಲ್ಲೇ: ನೇರ ಮೇಲಿನಿಂದ ನೀರು ಬಿಡುತ್ತಾರೆ. ಆಗ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಬಾಗಿಲ ಕೆಳ ಅಂಚಿನಿಂದ ಶುರು ಮಾಡಿ. ಒಂದೊಂದು ಜಾಗಕ್ಕೆ ಎರಡು ನಿಮಿಷ ಕೊಟ್ಟು ಮೇಲೆ ಹೋಗಿ. ಗಾಜಿನ ಹಿಂಬದಿ, ಮುಂದಿನ ಗಾಜಿನ ಮೂಲೆ, ಕೊನೆಗೆ ಹುಡ್‌ನ ಹೊಲಿಗೆ. ಒಳಗೆ ಅಲ್ಲಲ್ಲಿ ಟಿಶ್ಯೂ ಕಾಗದ ಅಂಟಿಸಿದ್ದರೆ ಮೊದಲು ಯಾವುದು ತೊಯ್ದಿತು ಎಂದು ಗೊತ್ತಾಗುತ್ತದೆ. ಕಾಲಡಿ ನಿಂತ ನೀರು ಮುಂದಿನ ಗಾಜಿನ ಮೂಲೆಯಿಂದ ಹರಿದು ಬಂದದ್ದೂ ಇರಬಹುದು.

ಗಾಜಿನ ಅಂಚಿನಲ್ಲಿ ಸೋರಿದರೆ ಹೊಸ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ತರಲು ಓಡಬೇಡಿ. ಬಾಗಿಲು ಅರ್ಧ ತೆರೆದು ಹಿಡಿಕೆ ಹಿಡಿದು ಮೇಲೆತ್ತಿ ನೋಡಿ. ಲೊಡಲೊಡ ಅಂದರೆ ಕೀಲು ಸವೆದಿದೆ, ಬಾಗಿಲೇ ಜೋತು ಬಿದ್ದಿದೆ. ಅದನ್ನು ಮೊದಲು ಸರಿ ಮಾಡಿಸಿ. ಆಮೇಲೆ ಗಾಜಿನ ಅಡ್ಜಸ್ಟ್‌ಮೆಂಟ್. ಒಂದು ಕಾಗದದ ಪಟ್ಟಿಯನ್ನು ಗಾಜಿಗೂ ಬೀಡಿಂಗಿಗೂ ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸ್ವಲ್ಪ ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿ ಬರುವ ಕಡೆಯೇ ಸಂದು. ಇದೆಲ್ಲ ಸರಿಯಾದ ಮೇಲೂ ಸೋರಿದರೆ ಬೀಡಿಂಗ್ ಬದಲಿಸಿ. ರಬ್ಬರಿಗೆ ಸಿಲಿಕಾನ್ ಗ್ರೀಸ್ ಮಾತ್ರ ಹಚ್ಚಿ. ಗ್ಯಾರೇಜಿನ ಮಾಮೂಲಿ ಗ್ರೀಸ್, ಇಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

"ಸಿಲಿಕಾನ್ ಹೊಡದ ಬಿಡ್ತೇನ್ರೀ ಸಾಹೇಬ್ರ, ಏನೂ ಆಗೂದಿಲ್ಲ" ಅನ್ನುವ ಫಿಟ್ಟರ್ ಎಲ್ಲ ಕಡೆ ಇರುತ್ತಾರೆ. ಇದು ಗ್ರೀಸ್ ಅಲ್ಲ, ಸಂದು ಮುಚ್ಚುವ ಅಂಟು. ಕೈಮುಗಿದು ಬೇಡ ಅನ್ನಿ. ಅಗ್ಗದ ಟ್ಯೂಬ್ ಸಿಲಿಕಾನ್‌ಗೆ ವಿನೆಗರ್ ವಾಸನೆ ಬರುತ್ತದೆ. ಒಣಗುವಾಗ ಅದು ಬಿಡುವುದು ಅಸಿಟಿಕ್ ಆಮ್ಲ. ಬರಿ ತಗಡಿಗೆ ಅದು ತಾಗಿದರೆ ತುಕ್ಕಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಮೇಲಾಗಿ ನೀರು ಹೊರಹೋಗುವ ತೂತನ್ನೂ ಸೇರಿಸಿಯೇ ಮುಚ್ಚಿಬಿಡುತ್ತಾರೆ.

ಹೆಜ್ಜೆ 4: ಈಗ ಬಟ್ಟೆ

ಬಟ್ಟೆಯೇ ಹರಿದಿದ್ದರೆ, ಹೊಲಿಗೆ ಬಿಟ್ಟಿದ್ದರೆ ಬದಲಿಸಿ. ನನ್ನ ಆಯ್ಕೆ ಕಪ್ಪು ಕ್ಯಾನ್ವಾಸ್. ರೆಕ್ಸಿನ್ ಅಗ್ಗ, ಒರೆಸುವುದು ಸುಲಭ, ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಮಡಿಕೆಯಲ್ಲೇ ಸೀಳುತ್ತದೆ. ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ಬೇಗ ಕೊಳೆಯುತ್ತದೆ. ಹೊಲಿಗೆಯ ತೂತುಗಳಿಗೆ ಹೊರಗಿನಿಂದ ಸೀಮ್ ಸೀಲರ್ ಹಚ್ಚಿಸಿ, ಅಂಗಡಿಯವರು ಕೇಳದೆ ಹಚ್ಚುವುದಿಲ್ಲ. ಒದ್ದೆ ಹುಡ್ ಮಡಚಬೇಡಿ, ಬೂಷ್ಟು ಹಿಡಿಯುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ ಜಿಪ್ ಇದ್ದರೆ ಮಡಚುವ ಮೊದಲು ಬಿಚ್ಚಿ, ನಡುವೆ ಮೆತ್ತನೆ ಟವೆಲ್ ಇಡಿ. ಅದನ್ನು ಒಣ ಬಟ್ಟೆಯಿಂದ ಒರೆಸಿದರೆ ಗೀರು ಬೀಳುವುದು ಖಚಿತ. ಮನೆಗಾಜು ಒರೆಸುವ ಅಮೋನಿಯಾ ಸ್ಪ್ರೇ ಕೂಡ ಬೇಡ. ಮಳೆಗಾಲಕ್ಕೆಂದು ತಾಡಪತ್ರಿ ಹೊದಿಸಿ ಕಟ್ಟಿಡುವವರೂ ಇದ್ದಾರೆ. ಒಳಗಿನ ತೇವ ಹೋಗುವುದೆಲ್ಲಿಗೆ? ಗಾಳಿಯಾಡುವ ಕವರ್ ತನ್ನಿ, ಬಿಸಿಲು ಬಿದ್ದ ದಿನ ತೆಗೆಯಿರಿ.

ಹೆಜ್ಜೆ 5: ಅಪ್‌ಗ್ರೇಡ್

ಮ್ಯೂಸಿಕ್ ಸಿಸ್ಟಮ್, ಅಗಲ ಟೈರು ಆಮೇಲೆ ನೋಡೋಣ. ಮೊದಲು ಪೆಟ್ರೋಲ್ ಪೈಪ್. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್ ಇರುತ್ತದೆ. ನಮ್ಮ ಕಬ್ಬಿನ ಸೀಮೆಗೆ ಒಳ್ಳೆಯದೇ, ಹಳೆಯ ಕಾರಿನ ರಬ್ಬರಿಗೆ ಅಲ್ಲ. ಎಥೆನಾಲ್ ತಡೆಯುವ ಪೈಪ್ ಎಂದೇ ಕೇಳಿ ಹಾಕಿಸಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಡಿ.

ಎರಡನೆಯದು ಹೆಡ್‌ಲೈಟ್ ರಿಲೇ. ಅನೇಕ ಹಳೆಯ ಗಾಡಿಗಳಲ್ಲಿ ಲೈಟಿನ ಕರೆಂಟ್ ಪೂರ್ತಿ ಸ್ವಿಚ್ ಮೂಲಕವೇ ಹಾದು ಬರುತ್ತದೆ. ದಾರಿಯಲ್ಲೇ ವೋಲ್ಟೇಜ್ ಇಳಿದು ಬಲ್ಬ್ ಮಂಕಾಗುತ್ತದೆ. ರಿಲೇ ಹಾಕಿದರೆ ಸ್ವಿಚ್ಚಿಗೆ ಬರೀ ಸಣ್ಣ ಕರೆಂಟ್, ಲೈಟಿಗೆ ಬ್ಯಾಟರಿಯಿಂದ ನೇರ. ಅದೇ ಬಲ್ಬ್ ಚೆನ್ನಾಗಿ ಉರಿಯುತ್ತದೆ, ಸ್ವಿಚ್ಚೂ ಸುಡುವುದಿಲ್ಲ. ಆಂಬೋಲಿ ಕಡೆಯ ಮಂಜಿನಲ್ಲಿ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ನಿಮಗೂ ಉಪಯೋಗವಿಲ್ಲ, ಎದುರಿನವರಿಗೂ ತೊಂದರೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2317 ಅಂದರೆ 2017ರ 23ನೇ ವಾರದ ಟೈರು. ಗೆರೆ ಎಷ್ಟೇ ಚೆನ್ನಾಗಿದ್ದರೂ ಅದು ಮುದಿಯಾಗಿದೆ, ತೆಗೆಯಿರಿ. ಇಂಜಿನ್ನೇ ಬದಲಿಸುವ ಆಸೆ ಇದ್ದರೆ ಮೊದಲು ಆರ್‌ಟಿಒ ಅನುಮತಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಮಾಷೆಯಲ್ಲ. 15 ವರ್ಷ ದಾಟಿದ ಖಾಸಗಿ ಕಾರನ್ನು 5 ವರ್ಷಕ್ಕೊಮ್ಮೆ ಮರುನೋಂದಣಿಗೆ ಒಯ್ದಾಗ ಎಲ್ಲವನ್ನೂ ನೋಡುತ್ತಾರೆ.

ಹುಡ್ ಫ್ರೇಮಿನಲ್ಲಿ ಪಿನ್ ಕೂರುವ ಕೊಳವೆ, ಅಂದರೆ ಬುಷ್‌ನಂಥ ಸಣ್ಣ ಭಾಗ ಎಲ್ಲೂ ಸಿಗದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ ಇದೆಯಲ್ಲ, ಯಾವುದಾದರೂ ಲೇತ್ ವರ್ಕ್‌ಶಾಪಿನಲ್ಲಿ ಹಿತ್ತಾಳೆಯದು ಕಡೆಸಿ. ಆದರೆ ಹಳೆಯ ಬುಷ್ ಒಂದನ್ನೇ ಒಯ್ದು "ಇದರಂಗ ಮಾಡ್ರಿ" ಅಂದರೆ ಸವೆದ ಅಳತೆಗೇ ಕಡೆದು ಕೊಡುತ್ತಾರೆ. ಪಿನ್ನನ್ನೂ ಜೊತೆಗೆ ಒಯ್ಯಿರಿ. ಅದರ ಸವೆಯದ ತುದಿಯನ್ನು ಅಳೆಸಿ, ಬುಷ್ ಅದಕ್ಕೆ ಕೂರುತ್ತದೆಯೇ ಎಂದು ಅಲ್ಲೇ ಹಾಕಿ ನೋಡಿ ದುಡ್ಡು ಕೊಡಿ.