ಮನೆ ‘ವುನೆ’ ಆಗದ ಹಾಗೆ: ಹಳೇ ನುಡಿ ಕಡತಗಳನ್ನು ಯೂನಿಕೋಡ್ ಮಾಡಿದ ಅನುಭವ

ನುಡಿ ಎಂಬ ತಂತ್ರಾಂಶದಲ್ಲಿ ಟೈಪಿಸಿದ ಹಳೇ ಸ್ಮರಣ ಸಂಚಿಕೆಯ ಲೇಖನವನ್ನು ಯಾರೋ ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ಗೆ ಬದಲಾಯಿಸಿ ಕೊಟ್ಟಿದ್ದಾರೆ ಅಂತ ಗೊತ್ತಾಗೋಕೆ ಪೂರ್ತಿ ಓದಬೇಕಾಗಿಲ್ಲ. ಮೊದಲ ಸಾಲಲ್ಲೇ ‘ವುತ್ತು’ ಕಾಣುತ್ತದೆ, ಎರಡನೆಯದರಲ್ಲಿ ‘ವುನೆ’. ಮೂರನೆಯದರಲ್ಲಿ ಒಂದು ಸೊನ್ನೆ, ಪಕ್ಕದಲ್ಲಿ ದಿಕ್ಕುದೆಸೆಯಿಲ್ಲದೆ ನಿಂತ ಇಂಗ್ಲಿಷಿನ ಐ. ಕಾಗುಣಿತ ಬಾರದವರು ಇಂಥ ತಪ್ಪು ಮಾಡುವುದಿಲ್ಲ. ಫೈಂಡ್ ಆಂಡ್ ರಿಪ್ಲೇಸ್ ಬಲ್ಲವರು ಮಾಡುತ್ತಾರೆ.

ಎರಡು ಪುಟದ ಕೆಲಸವಾದರೆ ಸಿದ್ಧ ಕನ್ವರ್ಟರ್‌ಗಳಿವೆ, ಅಂಟಿಸಿ ತೆಗೆದುಕೊಳ್ಳಿ, ಇದನ್ನು ಓದುವ ಕಷ್ಟ ಬೇಡ. ನೂರಾರು ವರ್ಡ್ ಕಡತಗಳಿದ್ದು, ಅವುಗಳಲ್ಲಿ ನಡುನಡುವೆ ಇಂಗ್ಲಿಷೂ ಇದ್ದು, ಕೊನೆಗೆ ಹುಡುಕಲು, ಅಕಾರಾದಿ ಮಾಡಲು ಬರಬೇಕು ಅನ್ನುವ ದುರಾಸೆಯೂ ಇದ್ದರೆ ಸ್ವಂತ ಸ್ಕ್ರಿಪ್ಟೇ ಗತಿ. ನಾನು ಬಳಸಿದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಲಿಬ್ರೆಆಫೀಸ್, ಒಂದು ಬ್ರೌಸರ್. ಊಟ ಆದಮೇಲಿನ ಹವ್ಯಾಸಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಮನೆಯವರ ಕಣ್ಣಿಗಂತೂ ಇದು ಸುಮ್ಮನೆ ಪರದೆ ನೋಡುತ್ತ ಕೂರುವುದು. ಆ ಮಾತು ಪೂರ್ತಿ ಸುಳ್ಳೂ ಅಲ್ಲ.

ಮೊದಲು ಕಡತದ ಒಳಗೆ ಏನಿದೆ ಅಂತ ನೋಡಿ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ಫಾಂಟ್‌ಗಳಲ್ಲಿ ‘ಕನ್ನಡ’ ಅಂತ ಟೈಪಿಸಿದರೆ ಕಡತದಲ್ಲಿ ಕೂರುವುದು 7 ಬೈಟ್: 80, 192, 163, 192, 223, 113, 192. ಇದರಲ್ಲಿ 80 ಅಂದರೆ ತಲೆಕಟ್ಟಿಲ್ಲದ ಕ, 192 ತಲೆಕಟ್ಟು, 163 ನ-ದ ಮೈ, 223 ನ ಒತ್ತು, 113 ಡ-ದ ಮೈ. ಕಂಪ್ಯೂಟರಿಗೆ ಇದು ಕನ್ನಡ ಅಂತ ಗೊತ್ತೇ ಇಲ್ಲ. ಅದರ ಲೆಕ್ಕದಲ್ಲಿ ಯುರೋಪಿನ ಯಾವುದೋ ಭಾಷೆಯ ಬಾಲ ಕೊಂಬಿನ ಅಕ್ಷರಗಳು. ಅವುಗಳ ಮೇಲೆ ಕನ್ನಡದ ಚಿತ್ರ ಅಂಟಿಸುವುದು ಫಾಂಟಿನ ಕೆಲಸ. ಆ ಕಾಲದ ವಿಂಡೋಸ್‌ನಲ್ಲಿ ಒತ್ತಕ್ಷರ ಜೋಡಿಸುವ ವ್ಯವಸ್ಥೆಯೇ ಇರಲಿಲ್ಲವಾದ್ದರಿಂದ ಇದು ಜಾಣ ಉಪಾಯವೇ ಆಗಿತ್ತು. ಬೈದುಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿದೆ, ಅಷ್ಟೆ.

ಯೂನಿಕೋಡ್‌ನಲ್ಲಿ ಇದೇ ಪದ 5 ಸಂಕೇತ: ಕ, ನ, ವಿರಾಮ (ಅಕ್ಷರದ ಅ-ಕಾರ ತೆಗೆದು ಒತ್ತಿಗೆ ದಾರಿ ಮಾಡುವ ಗುರುತು), ನ, ಡ. ಕನ್ನಡಕ್ಕೆ ಅಲ್ಲಿ ಕೊಟ್ಟಿರುವುದು 3200ರಿಂದ 3327ರವರೆಗಿನ 128 ಮನೆಗಳು. ಆ ಸಂಕೇತಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್‌ನಂತೆ ಒಟ್ಟು 15. ಮುಖ್ಯ ವ್ಯತ್ಯಾಸ ಗಾತ್ರದಲ್ಲಿಲ್ಲ, ಕ್ರಮದಲ್ಲಿದೆ. ನುಡಿ ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ಬಾಯಲ್ಲಿ ಹೇಳಿದ ಕ್ರಮದಲ್ಲಿ ಇಡುತ್ತದೆ.

ಪಠ್ಯ ಕಡತ ಓದುವಾಗ ಎನ್‌ಕೋಡಿಂಗ್ ವಿಂಡೋಸ್-1252 (ಯಾವ ಬೈಟ್ ಯಾವ ಯುರೋಪಿನ ಅಕ್ಷರ ಎಂಬ ಹಳೇ ಪಟ್ಟಿ) ಅಂತ ಹೇಳಿ. ಪೈಥಾನ್ ಈ ಪಟ್ಟಿಯಲ್ಲಿ 129, 141, 143, 144, 157 ಈ ಐದು ಬೈಟ್ ಸಿಕ್ಕರೆ ಮುನಿಸಿಕೊಂಡು ನಿಂತುಬಿಡುತ್ತದೆ. ಅಷ್ಟಕ್ಕೆ ಮಾತ್ರ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಯುಟಿಎಫ್-8 ಅಂತಲೇ ಓದಿ, ತಪ್ಪುಗಳನ್ನು ಅಲಕ್ಷಿಸು ಅಂತ ಹೇಳಿದರೆ ಯಾವ ಗಲಾಟೆಯೂ ಇಲ್ಲದೆ ಕೆಲಸ ಮುಗಿಯುತ್ತದೆ. ಮೇಲಿನ ಏಳು ಬೈಟ್‌ಗಳಲ್ಲಿ 80 ಮತ್ತು 113 ಮಾತ್ರ ಉಳಿಯುತ್ತವೆ. ಅಂದರೆ ಕನ್ನಡ ಎಂಬುದು ಪಿ ಮತ್ತು ಕ್ಯೂ ಆಗಿ ಹೊರಬರುತ್ತದೆ, ಎರರ್ ಮಾತ್ರ ಒಂದೂ ಬರುವುದಿಲ್ಲ.

ಈಗ ‘ವುನೆ’ಯ ಮೂಲ. ನುಡಿಯಲ್ಲಿ ವ ಅಂದರೆ 170, 192. ಮ ಅಂದರೆ 170, 192, 196. ವ-ದ ಪಕ್ಕಕ್ಕೊಂದು ಕೊಂಬು ಹಚ್ಚಿದರೆ ಕಣ್ಣಿಗೆ ಮ ಆಗುತ್ತದೆ, ಹಾಗಾಗಿ ಬೇರೆ ಚಿತ್ರ ಬರೆಯುವ ಖರ್ಚು ಉಳಿಸಿದ್ದಾರೆ. ಆ 196 ಒಂಟಿಯಾಗಿ ಬಂದರೆ ಉಕಾರ. ಒಂದೊಂದೇ ಬೈಟ್ ನೋಡಿ ಬದಲಾಯಿಸುವವನಿಗೆ ವ ಸಿಕ್ಕಿತು, ಉ ಸಿಕ್ಕಿತು, ‘ವು’ ಅಂತ ಬರೆದ. ನಿಜವಾದ ವು-ಗೆ 196 ಅಲ್ಲ, 197. ಯ ಇನ್ನೂ ತಮಾಷೆ: 65, 105, 192, 196. ಮೊದಲ 65 ಒಂಟಿಯಾಗಿದ್ದರೆ ಅನುಸ್ವಾರ. ಆ ಸೊನ್ನೆ ಮತ್ತು ಅನಾಥ ಐ ಹುಟ್ಟುವುದು ಇಲ್ಲೇ. ಮಾ, ಯಾ ಬರೆಯುವಾಗ 196ರ ಬದಲು 105 ಬರುತ್ತದೆ: ಮಾ ಅಂದರೆ 170, 192, 105, 193. ಯಾ ಐದು ಬೈಟ್.

ಹಾಗಾಗಿ ನಿಯಮ: ಉದ್ದದ ತುಂಡು ಮೊದಲು. ಬೈಟ್‌ಗಳ ತುಂಡು (ಇದೇ ಕೀಲಿ) ಮತ್ತು ಅದಕ್ಕೆ ಸಮನಾದ ಕನ್ನಡ, ಇವುಗಳ ಪಟ್ಟಿಯನ್ನು ಪೈಥಾನಿನ ಡಿಕ್ಷನರಿಯಲ್ಲಿಡಿ. ಅದರಲ್ಲಿ ಅತಿ ಉದ್ದದ ಕೀಲಿ ಎಷ್ಟು ಅಂತ ಕೋಡೇ ಲೆಕ್ಕ ಹಾಕಲಿ. ಪ್ರತಿ ಜಾಗದಲ್ಲೂ ಅಷ್ಟುದ್ದದ ತುಂಡು ಕತ್ತರಿಸಿ ಪಟ್ಟಿಯಲ್ಲಿ ಹುಡುಕಿ, ಸಿಗದಿದ್ದರೆ ಒಂದು ಕಡಿಮೆ ಮಾಡಿ, ಒಂದಕ್ಕೆ ಬರುವವರೆಗೂ ಇಳಿಯಿರಿ. ಒಂದೂ ಸಿಗದಿದ್ದರೆ ಆ ಬೈಟನ್ನು ಹಾಗೇ ದಾಟಿಸಿ, ಆದರೆ ಒಂದು ಎಣಿಕೆ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಕೊನೆಯಲ್ಲಿ ಆ ಎಣಿಕೆ ನೋಡಿದರೆ ಪಟ್ಟಿಯಲ್ಲಿ ಏನು ಬಿಟ್ಟಿದ್ದೀರಿ ಅಂತ ತಾನಾಗಿ ತಿಳಿಯುತ್ತದೆ. ಈ ಪಟ್ಟಿ ನುಡಿಗೆ ಮಾತ್ರ. ಇನ್ನೊಂದು ಟೈಪಿಂಗ್ ತಂತ್ರಾಂಶವಾದ ಶ್ರೀಲಿಪಿಯ ಕಡತವನ್ನು ಇದಕ್ಕೆ ತಿನ್ನಿಸಿದರೆ ಬರುವುದು ಕನ್ನಡವೇ, ಯಾವ ಶತಮಾನದ್ದು ಅಂತ ಕೇಳಬಾರದು.

ಇಲ್ಲಿವರೆಗೆ ಸುಲಭದ ಭಾಗ. ಒತ್ತು, ಅರ್ಕಾವತ್ತು ಬಂದಾಗ ಎಲ್ಲರೂ ಸ್ಟ್ರಿಂಗ್‌ನಲ್ಲಿ ಹಿಂದೆ ಹೋಗಿ ತೇಪೆ ಹಾಕಲು ಶುರು ಮಾಡುತ್ತಾರೆ. ತೇಪೆಯ ಮೇಲೆ ತೇಪೆ ಬಿದ್ದು ಕೋಡ್ ಕೌದಿಯಾಗುತ್ತದೆ. ‘ಕರ್ನಾಟಕ’ ನುಡಿಯಲ್ಲಿ 80, 192, 163, 193, 240, 108, 80, 192. ಅಂದರೆ ಕ, ನಾ, ಅರ್ಕಾವತ್ತು, ಟ, ಕ. ಯೂನಿಕೋಡ್‌ಗೆ ಬೇಕಾದದ್ದು ಕ, ರ, ವಿರಾಮ, ನ, ದೀರ್ಘ, ಟ, ಕ. ಅರ್ಕಾವತ್ತು ‘ನಾ’ವನ್ನು ಪೂರ್ತಿ ದಾಟಿ ಹಿಂದಕ್ಕೆ ಹೋಗಬೇಕು. ‘ಪಾರ್ಶ್ವ’ದಲ್ಲಿ ಒತ್ತನ್ನೂ ದಾಟಬೇಕು. ‘ಸ್ನೇಹ’ ನೋಡಿ: 184, 201, 223, 195, 186, 192. ಸೆ, ನ ಒತ್ತು, ದೀರ್ಘ, ಹ. ಎತ್ವಕ್ಕೂ ದೀರ್ಘಕ್ಕೂ ನಡುವೆ ಒತ್ತು ಬಂದು ಕೂತಿದೆ. ಪಕ್ಕಪಕ್ಕ ಇದ್ದರೆ ಮಾತ್ರ ಜೋಡಿಸುವ ಕೋಡ್ ಇಲ್ಲಿ ಮುಗ್ಗರಿಸುತ್ತದೆ.

ನನಗೆ ಕೊನೆಗೆ ಒಗ್ಗಿದ್ದು ಡಬ್ಬಿ ಪದ್ಧತಿ. ಒಂದು ಅಕ್ಷರಕ್ಕೆ ಒಂದು ಡಬ್ಬಿ, ಒಳಗೆ ಐದು ಖಾನೆ: ಅರ್ಕಾವತ್ತು ಇದೆಯೋ ಇಲ್ಲವೋ, ಮೂಲ ವ್ಯಂಜನ, ಒತ್ತುಗಳ ಸಾಲು, ಸ್ವರಚಿಹ್ನೆ, ಅನುಸ್ವಾರ ಅಥವಾ ವಿಸರ್ಗ. ಬಂದ ತುಂಡು ಯಾವ ಜಾತಿಯದೋ ಆ ಖಾನೆಗೆ ಹಾಕುತ್ತ ಹೋಗುವುದು. ದೀರ್ಘ ಬಂದರೆ ಸ್ವರದ ಖಾನೆಯಲ್ಲಿರುವ ಎ-ಯನ್ನು ಏ ಮಾಡುವುದು, ಇ-ಯನ್ನು ಈ, ಒ-ವನ್ನು ಓ. ಹೊಸ ವ್ಯಂಜನ, ಸ್ವರ, ಖಾಲಿ ಜಾಗ, ಏನೇ ಹೊಸದು ಬಂದರೂ ಹಳೇ ಡಬ್ಬಿಯನ್ನು ಉಚ್ಚಾರದ ಕ್ರಮದಲ್ಲಿ ಸುರಿದು ತೊಳೆದಿಡುವುದು. ಸುರಿಯುವ ಕ್ರಮ ಒಂದೇ: ಅರ್ಕಾವತ್ತಿದ್ದರೆ ರ ಮತ್ತು ವಿರಾಮ, ಆಮೇಲೆ ಮೂಲ, ಪ್ರತಿ ಒತ್ತಿಗೂ ಮೊದಲೊಂದು ವಿರಾಮ, ಸ್ವರ, ಕೊನೆಗೆ ಅನುಸ್ವಾರ. ‘ಪೋಸ್ಟ್’ ಎಂಬಲ್ಲಿ ನುಡಿ ಕೊಡುವುದು ಸ್ ಮತ್ತು ಟ ಒತ್ತು. ವಿರಾಮವನ್ನೂ ಸ್ವರದ ಖಾನೆಗೇ ಹಾಕಿದ್ದರೆ ಅದು ತಾನಾಗಿ ಕೊನೆಗೆ ಬಂದು ‘ಸ್ಟ್’ ಆಗುತ್ತದೆ. ಹಿಂದೆ ಹೋಗಿ ಕತ್ತರಿಸುವ ಪ್ರಶ್ನೆಯೇ ಇಲ್ಲ. ತೇಪೆ ಹಾಕಿದ್ದ ಕೋಡ್‌ನಲ್ಲಿ ಪ್ರತಿ ವಿನಾಯಿತಿಗೂ ಒಂದು ‘ಇಫ್’ ಇತ್ತು. ಇಲ್ಲಿ ಉಳಿದದ್ದು ಎರಡೇ.

ಒಂದನೆಯದು ‘ಬಸ್‌ನಲ್ಲಿ’. ಸ್ವರದ ಖಾನೆಯಲ್ಲಿ ವಿರಾಮವಿದ್ದು ಮುಂದೆ ವ್ಯಂಜನ ಬಂದರೆ ನಡುವೆ 8204ನೇ ಸಂಕೇತ ಹಾಕಬೇಕು. ಅದು ಕಣ್ಣಿಗೆ ಕಾಣದ ‘ಜೋಡಿಸಬೇಡ’ ಗುರುತು. ಇಲ್ಲದಿದ್ದರೆ ಬಸ್ಸು ‘ಬಸ್ನಲ್ಲಿ’ ಎಂದು ಒತ್ತು ಹೊತ್ತುಕೊಂಡು ಓಡುತ್ತದೆ. ಪದ ಮುಗಿದಲ್ಲಿ ಮಾತ್ರ ಹಾಕಬೇಡಿ. ಕಾಣದ ಬಾಲ ಉಳಿದುಕೊಂಡ ‘ಬಸ್’ ಹುಡುಕಿದರೆ ಸಿಗುವುದಿಲ್ಲ, ಯಾಕೆ ಸಿಗಲಿಲ್ಲ ಅಂತಲೂ ಕಾಣುವುದಿಲ್ಲ. ಎರಡನೆಯದು ‘ರ‍್ಯಾಂಕ್’. ಮೂಲ ರ ಆಗಿದ್ದು ಅದಕ್ಕೆ ಒತ್ತು ಇದ್ದರೆ ರ ಮತ್ತು ವಿರಾಮದ ನಡುವೆ 8205 ಹಾಕಿ. ಮರೆತರೆ ಅದು ಅರ್ಕಾವತ್ತಾಗಿ ‘ರ್ಯಾಂಕ್’ ಎಂದು ನಿಲ್ಲುತ್ತದೆ.

ವರ್ಡ್ ಕಡತದ ಕಥೆ ಬೇರೆ. ಹಳೇ ಡಾಕ್ ಮಾದರಿಯನ್ನು ಲಿಬ್ರೆಆಫೀಸ್‌ನಿಂದ, ಕಿಟಕಿ ತೆರೆಯದೆ ಕಮಾಂಡ್ ಸಾಲಿನಲ್ಲೇ, ಡಾಕ್ಸ್ ಮಾಡಿಕೊಳ್ಳಬಹುದು. ಆ ಹೊತ್ತಿನಲ್ಲಿ ಬೇರೆ ಲಿಬ್ರೆಆಫೀಸ್ ಕಿಟಕಿ ತೆರೆದಿದ್ದರೆ ಕಮಾಂಡ್ ಏನೂ ಮಾಡದೆ ಸುಮ್ಮನೆ ಹಿಂತಿರುಗುವುದುಂಟು. ಮುಚ್ಚಿ ಓಡಿಸಿ. ಡಾಕ್ಸ್ ಒಳಗೆ ಪಠ್ಯ ‘ರನ್’ ಎಂಬ ತುಂಡುಗಳಲ್ಲಿರುತ್ತದೆ. ತುಂಡು ತುಂಡಿಗೂ ಫಾಂಟ್ ಬೇರೆ ಇರಬಹುದು, ನಮಗೆ ಬೇಕಾದದ್ದೂ ಅದೇ. ನುಡಿ ಫಾಂಟ್ ಇರುವ ತುಂಡನ್ನು ಮಾತ್ರ ಬದಲಾಯಿಸಿ, ಇಲ್ಲದಿದ್ದರೆ ನಡುವಿನ ಇಂಗ್ಲಿಷ್ ಇಮೇಲ್ ವಿಳಾಸವೂ ಕನ್ನಡ ಕಲಿಯುತ್ತದೆ. ಫಾಂಟ್ ಹೆಸರು ಖಾಲಿ ಬಂದರೆ ಅದು ಸ್ಟೈಲ್‌ನಿಂದ ಬಂದಿದೆ ಅಂತ ಅರ್ಥ, ಅಲ್ಲಿಗೆ ಹೋಗಿ ನೋಡಬೇಕು. ಇನ್ನು ವರ್ಡ್‌ಗೆ ಒಂದೇ ಪದವನ್ನು ಕಾರಣವಿಲ್ಲದೆ ಮೂರು ರನ್ ಮಾಡುವ ಚಟ. ಸ ಒಂದರಲ್ಲಿ, ಅದರ ಒತ್ತು ಮುಂದಿನದರಲ್ಲಿ. ಒಂದೇ ಫಾಂಟಿನ, ಒಂದೇ ಗಾತ್ರದ ಪಕ್ಕದ ತುಂಡುಗಳನ್ನು ಮೊದಲು ಕೂಡಿಸಿ, ಆಮೇಲೆ ಬದಲಾಯಿಸಿ. ಟೇಬಲ್ ಮತ್ತು ಹೆಡರ್‌ಗಳು ಪ್ಯಾರಾಗಳ ಪಟ್ಟಿಯಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಸುತ್ತಬೇಕು.

ಬದಲಾಯಿಸಿದ ಮೇಲೆ ಕಡತ ತೆರೆದರೆ ಫಾಂಟ್ ಯಾವುದೋ, ಗಾತ್ರ ಇನ್ಯಾವುದೋ. ಕಾರಣ, ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿ ಅಂತ ಲೆಕ್ಕಿಸಿ ಅದಕ್ಕೆ ಬೇರೆಯದೇ ಫಾಂಟ್ ಖಾನೆ, ಗಾತ್ರದ ಖಾನೆ, ಬೋಲ್ಡ್ ಖಾನೆ ಇಟ್ಟಿದೆ. ಡಾಕ್ಸ್ ತಿದ್ದಲು ಬಳಸುವ ಪೈಥಾನ್ ಲೈಬ್ರರಿ ಪೈಥಾನ್-ಡಾಕ್ಸ್‌ನಲ್ಲಿ ಫಾಂಟ್ ಹೆಸರು ಕೊಟ್ಟರೆ ಇಂಗ್ಲಿಷಿನ ಖಾನೆ ಮಾತ್ರ ತುಂಬುತ್ತದೆ. ಎಕ್ಸ್‌ಎಂಎಲ್ ಒಳಗಿಳಿದು ಸಂಕೀರ್ಣ ಲಿಪಿಯ ಖಾನೆಗೂ ನೋಟೊ ಸಾನ್ಸ್ ಕನ್ನಡವನ್ನೋ ತುಂಗಾವನ್ನೋ ಬರೆಯಬೇಕು. ಗಾತ್ರ ಅರ್ಧ ಪಾಯಿಂಟ್ ಲೆಕ್ಕದಲ್ಲಿ, 12 ಬೇಕಿದ್ದರೆ 24.

ವರ್ಡ್‌ನ ಇನ್ನೊಂದು ಉಪಕಾರ, ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಟೊಕರೆಕ್ಟ್. ಅದರ ಪ್ರಕಾರ 113 ಸಣ್ಣ ಕ್ಯೂ, ಹಾಗಾಗಿ ವಾಕ್ಯದ ಮೊದಲಿಗೆ ಬಂದ ಡ-ವನ್ನು ತಿದ್ದಿ 81 ಮಾಡುತ್ತದೆ. ನುಡಿಯಲ್ಲಿ 81 ಅಂದರೆ ಕಿ. ಪುಣ್ಯಕ್ಕೆ ಕಿ-ಯ ಮುಂದೆ 192, ಅಂದರೆ ತಲೆಕಟ್ಟು, ಬರುವಂತಿಲ್ಲ. 81, 192 ಜೋಡಿ ಕಂಡರೆ 113, 192 ಅಂತ ತಿದ್ದಿ. ಸ್ಕ್ರಿಪ್ಟ್‌ನಲ್ಲಿ ನೀವೂ ಮರೆತು ಎಲ್ಲವನ್ನೂ ಸಣ್ಣಕ್ಷರ ಮಾಡುವ ಫಂಕ್ಷನ್ ಕರೆಯಬೇಡಿ. 192 ಹೋಗಿ 224 ಆಗುತ್ತದೆ, ಇಡೀ ಕಡತದ ತಲೆಕಟ್ಟು ಹಾರುತ್ತದೆ.

ಪರೀಕ್ಷೆಗೆ ಟರ್ಮಿನಲ್ ನಂಬಬೇಡಿ. ಬಹಳಷ್ಟು ಟರ್ಮಿನಲ್‌ಗಳು ಒತ್ತನ್ನು ಜೋಡಿಸುವುದಿಲ್ಲ, ಸರಿಯಿದ್ದದ್ದೂ ತಪ್ಪಾಗಿ ಕಾಣುತ್ತದೆ. ನಾನು ಹಳೆಯದನ್ನೂ ಹೊಸದನ್ನೂ ಎರಡು ಕಾಲಂ ಮಾಡಿ ಎಚ್‌ಟಿಎಂಎಲ್ ಬರೆದು ಬ್ರೌಸರ್‌ನಲ್ಲಿ ನೋಡುತ್ತೇನೆ. ಅನುಮಾನ ಬಂದ ಪದವನ್ನು ಸಂಕೇತದ ಅಂಕಿಗಳಾಗಿ ಮುದ್ರಿಸಿದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಯಂತ್ರದಿಂದಲೇ ಹಿಡಿಯಬಹುದಾದ ತಪ್ಪುಗಳೂ ಇವೆ: ಸ್ವರಚಿಹ್ನೆಯಿಂದ ಶುರುವಾಗುವ ಪದ, ಎರಡು ವಿರಾಮ ಒಟ್ಟಿಗೆ, ವಿರಾಮದ ಮುಂದೆ ಸ್ವರಚಿಹ್ನೆ. ಮೂರಕ್ಕೂ ಕನ್ನಡದಲ್ಲಿ ಜಾಗವಿಲ್ಲ. ನಂತರ ಎನ್‌ಎಫ್‌ಸಿ ಮಾಡಿ. ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದೇ ರೂಪಕ್ಕೆ ತರುವ ಕೆಲಸ ಅದು. ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ನೋಡಲು ಒಂದೇ, ಹುಡುಕಿದರೆ ಬೇರೆ ಬೇರೆ.

ಪದಗಳನ್ನು ಬಿಡಿಸುವಾಗ ಪೈಥಾನ್‌ನ ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ‘ಪದದ ಅಕ್ಷರ’ ಗುರುತು, ಅಂದರೆ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಉಪಯೋಗಕ್ಕೆ ಬಾರದು. ಅದರ ಪ್ರಕಾರ ಸ್ವರಚಿಹ್ನೆ, ವಿರಾಮ ಅಕ್ಷರಗಳೇ ಅಲ್ಲ. ‘ಕನ್ನಡ’ ಕೊಟ್ಟರೆ ‘ಕನ’, ‘ನಡ’ ಎಂದು ಎರಡು ಪದ ಕೊಡುತ್ತದೆ. ‘ಕಾವೇರಿ’ ಕೊಟ್ಟರೆ ಕ, ವ, ರ. 3200ರಿಂದ 3327, ಜೊತೆಗೆ 8204 ಮತ್ತು 8205, ಇಷ್ಟನ್ನು ಸೇರಿಸಿ ನಿಮ್ಮದೇ ಗುಂಪು ಮಾಡಿಕೊಳ್ಳಿ. ಯೂನಿಕೋಡ್‌ನಲ್ಲೇ ಟೈಪಿಸಿದ ಕಡತಗಳನ್ನೂ ಇದಕ್ಕೆ ಸೇರಿಸುವುದಾದರೆ ಇನ್ನೊಂದು ಪಿಡುಗಿದೆ: ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ. ಅನುಸ್ವಾರ 3202, ಅಂಕಿ ಸೊನ್ನೆ 3302. ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅನುಸ್ವಾರ ಮಾಡಿ, ಅಂಕಿ ಇದ್ದರೆ ಮುಟ್ಟಬೇಡಿ.

ಅಕಾರಾದಿ ಕೊನೆಯ ತೊಡಕು. ಸಂಕೇತದ ಅಂಕಿ ಪ್ರಕಾರ ಜೋಡಿಸಿದರೆ ಬಹುಪಾಲು ನಿಘಂಟಿನ ಕ್ರಮವೇ ಬರುತ್ತದೆ, ಒಂದು ಅಕ್ಷರ ಬಿಟ್ಟು. ಯೂನಿಕೋಡ್‌ನಲ್ಲಿ ಲ 3250, ಳ 3251, ವ 3253, ಹ 3257. ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಹ ಆದಮೇಲೆ. ಹಾಗೇ ಬಿಟ್ಟರೆ ‘ಬಳೆ’ ಮೊದಲು ಬಂದು ‘ಬಹಳ’ ಆಮೇಲೆ ಬರುತ್ತದೆ, ನಿಘಂಟಿನಲ್ಲಿ ಉಲ್ಟಾ. ಹ-ದ ಪಕ್ಕದ 3258 ಖಾಲಿ ಮನೆ. ಜೋಡಿಸುವ ಕೀಲಿಯಲ್ಲಿ ಮಾತ್ರ ಳ-ವನ್ನು ಅಲ್ಲಿಗೆ ಕಳಿಸಿ, 8204 ಮತ್ತು 8205 ಎರಡನ್ನೂ ಕಿತ್ತುಹಾಕಿ. ಮೂಲ ಪದ ಮುಟ್ಟಬೇಡಿ. ಒಂದೇ ಸಾಲಿನ ಕೋಡ್.

ಪಿಡಿಎಫ್ ಕೇಳುವವರಿಗೆ: ನುಡಿ ಫಾಂಟಿನ ಹಳೇ ಪಿಡಿಎಫ್‌ನಿಂದ ನಕಲು ತೆಗೆದರೆ ಸಾಮಾನ್ಯವಾಗಿ ಅದೇ ಬೈಟ್‌ಗಳು ಬರುತ್ತವೆ, ಮೇಲಿನ ಸ್ಕ್ರಿಪ್ಟ್ ನಡೆಯುತ್ತದೆ. ಯೂನಿಕೋಡ್‌ನಲ್ಲೇ ಮಾಡಿದ ಹೊಸ ಪಿಡಿಎಫ್‌ನಿಂದ ತೆಗೆದರೆ ಒತ್ತುಗಳು ಎಲ್ಲೆಲ್ಲೋ ಚೆಲ್ಲಿರುತ್ತವೆ. ಅದನ್ನು ಮಾಡಿದವರ ಹತ್ತಿರ ಮೂಲ ಕಡತ ಕೇಳಿ ಪಡೆಯುವುದು ವಾಸಿ.