ಊರಿಗೆ ಬರಬಹುದಾ, ಬಂದರೆ ವಾಪಸ್ ಬಿಡ್ತಾರಾ?

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಕಡೆಯ ಹುಡುಗರು ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. ಕಾರಣ ಇದೆ. 2025ರ ಮೇ ತಿಂಗಳಲ್ಲಿ ತಂಗಿಯ ಮದುವೆಗೆ ಅಂತ ದಾವಣಗೆರೆಗೆ ಬಂದೆ. ಅದೇ ಹೊತ್ತಿಗೆ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸ ಸ್ಲಾಟ್ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಕೊನೆಗೆ ವಾಪಸ್ ಹೋದೆ, ತಡವಾಗಿ. ಅದರಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ಮೊದಲೇ ಜೋಡಿಸಿಟ್ಟುಕೊಂಡಿದ್ದ ಕಾಗದಗಳ ಪಾಲು ಜಾಸ್ತಿ.

ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದ ವಿಷಯ ಒಂದಿದೆ. ಪಾಸ್‌ಪೋರ್ಟ್‌ನಲ್ಲಿ ಅಂಟಿಸಿರುವ ವೀಸಾ ಬೇರೆ, ಅಲ್ಲಿದ್ದು ಓದುವುದಕ್ಕೆ ಇರುವ ಅನುಮತಿ ಬೇರೆ. ವೀಸಾ ಅಂದರೆ ಬಾಗಿಲು ದಾಟುವ ಚೀಟಿ ಅಷ್ಟೇ. ಒಳಗಿದ್ದಾಗ ಅದರ ಅವಧಿ ಮುಗಿದರೂ, ಐ-20 (ವಿಶ್ವವಿದ್ಯಾಲಯ ಕೊಡುವ ದಾಖಲಾತಿ ಪತ್ರ) ಚಾಲ್ತಿಯಲ್ಲಿದ್ದು ಸರಿಯಾಗಿ ಓದುತ್ತಿದ್ದರೆ ತೊಂದರೆ ಇಲ್ಲ. ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕಾದಾಗಲೇ ಹೊಸದು ಬೇಕು. ನನ್ನದು ಅದೇ ಕಥೆ. 2019ರಲ್ಲಿ ಎಂ.ಎಸ್.ಗೆ ಹೋದಾಗ ಕೊಟ್ಟಿದ್ದ ಐದು ವರ್ಷದ ಎಫ್-1 (ವಿದ್ಯಾರ್ಥಿ) ವೀಸಾ, ಪಿಎಚ್‌.ಡಿ. ನಡುವೆಯೇ ಮುಗಿದಿತ್ತು. ವೀಸಾ ಮುಗಿದು 48 ತಿಂಗಳು ಆಗಿಲ್ಲದಿದ್ದರೆ ಸಂದರ್ಶನವಿಲ್ಲದೆ ನವೀಕರಿಸಬಹುದು ಎಂದು ಮೊದಲು ಇತ್ತು. 2025ರ ಫೆಬ್ರವರಿಯಲ್ಲಿ ಅದನ್ನು 12 ತಿಂಗಳಿಗೆ ಇಳಿಸಿದರು. ನಾನು ಆ ಗಡಿಯನ್ನೂ ದಾಟಿದ್ದೆ. (ಆಮೇಲೆ ಸೆಪ್ಟೆಂಬರ್ 2ರಿಂದ ಹೆಚ್ಚುಕಡಿಮೆ ಎಲ್ಲರಿಗೂ ಸಂದರ್ಶನ ಕಡ್ಡಾಯವಾಯಿತು.)

ಹಾಗಾಗಿ ನನ್ನ ಸಲಹೆ ನೇರವಾಗಿದೆ. ನಿಮ್ಮ ವೀಸಾದ ಅವಧಿ ಇನ್ನೂ ಇದ್ದರೆ ಸುಮ್ನೆ ಹೆದರಬೇಡಿ, ಡಿಎಸ್‌ಒ (ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಹತ್ತಿರ ಮಾತಾಡಿ ಬನ್ನಿ. ಹೊಸ ವೀಸಾ ಬೇಕಾಗುವವರು ಮಾತ್ರ, ಬರಲೇಬೇಕಾದ ಕಾರಣ ಇದ್ದರಷ್ಟೇ ಬನ್ನಿ. ಹಬ್ಬಕ್ಕೆ, ರಜೆಗೆ ಬೇಡ. ತಂಗಿಯ ಮದುವೆ ನನಗೆ ಬರಲೇಬೇಕಾದ ಕಾರಣವಾಗಿತ್ತು.

ಹೊರಡುವ ಮುಂಚೆ ಐ-20ರ ಎರಡನೇ ಪುಟದಲ್ಲಿ ಡಿಎಸ್‌ಒ ಸಹಿ ಇರಬೇಕು. ಓದುತ್ತಿರುವವರಿಗೆ ಆ ಸಹಿ ಒಂದು ವರ್ಷ ನಡೆಯುತ್ತದೆ, ಒಪಿಟಿಯಲ್ಲಿ (ಓದಿಗೆ ಸಂಬಂಧಿಸಿದ ಕೆಲಸ ಮಾಡುವ ಅನುಮತಿ) ಇರುವವರಿಗೆ ಆರೇ ತಿಂಗಳು. ನಮ್ಮ ಡಿಎಸ್‌ಒ ಸಹಿ ಹಾಕುವ ಮೊದಲು ಕೇಳಿದ್ದು, ‘ಪೊಲೀಸ್ ಕೇಸ್ ಏನಾದರೂ ಇದೆಯಾ? ವಜಾ ಆಗಿದ್ದರೂ ಹೇಳು’ ಅಂತ. ಆ ವಸಂತದಲ್ಲಿ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ದಾಖಲೆಯನ್ನು ಏಕಾಏಕಿ ರದ್ದು ಮಾಡಿದ್ದರು. ವಜಾ ಆದ ಸಣ್ಣಪುಟ್ಟ ಕೇಸಿನವರೂ ಅದರಲ್ಲಿದ್ದರು. ಕೋರ್ಟಿಗೆ ಹೋದ ಮೇಲೆ ಏಪ್ರಿಲ್ ಕೊನೆಗೆ ದಾಖಲೆ ವಾಪಸ್ ಬಂತು. ಅಂಥ ಇತಿಹಾಸ ಇರುವವರು ಮೊದಲು ವಕೀಲರನ್ನು ಕಾಣಬೇಕು, ಟಿಕೆಟ್ ಆಮೇಲೆ.

ಇನ್ನೊಂದು ಕೆಲಸ ಮಾಡಿದೆ. ‘ಸೆಮಿಸ್ಟರ್ ಶುರುವಾಗುವಷ್ಟರಲ್ಲಿ ಬರಲು ಆಗದಿದ್ದರೆ ಏನು ದಾರಿ?’ ಅಂತ ಡಿಎಸ್‌ಒಗೂ ನಮ್ಮ ಗೈಡ್‌ಗೂ ಒಂದೇ ಇಮೇಲ್ ಹಾಕಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಂಡೆ. ಎಷ್ಟು ದಿನ ತಡವಾದರೆ ಸೇರಿಸಿಕೊಳ್ಳುತ್ತಾರೆ, ಹೊರಗಿದ್ದಾಗ ಸಂಬಳ ಬರುತ್ತದಾ, ಎಲ್ಲ ಕೇಳಿದ್ದೆ. ಸಂಬಳ ಇಲ್ಲ ಅಂದರು. ಬೇಸರವಾಯಿತು ನಿಜ, ಆದರೆ ಮೇನಲ್ಲೇ ಗೊತ್ತಾಗಿದ್ದು ಒಳ್ಳೆಯದಾಯಿತು. ಐದು ತಿಂಗಳಿಗಿಂತ ಜಾಸ್ತಿ ಹೊರಗೆ ಉಳಿದರೆ ಹೊಸ ಐ-20, ಮತ್ತೆ 350 ಡಾಲರ್ ಸೆವಿಸ್ ಶುಲ್ಕ ಬೀಳಬಹುದು, ಒಪಿಟಿಗೆ ಬೇಕಾದ ಒಂದು ವರ್ಷದ ಲೆಕ್ಕವೂ ಮೊದಲಿನಿಂದ ಶುರುವಾಗುತ್ತದೆ ಅನ್ನುವುದೂ ಆ ಉತ್ತರದಲ್ಲೇ ಇತ್ತು.

ಊರಿಗೆ ಬಂದು ಸ್ಲಾಟ್ ಹುಡುಕುತ್ತಿದ್ದಾಗಲೇ ಮೇ 27ಕ್ಕೆ ಎಲ್ಲ ನಿಂತಿತು. ಜೂನ್ 4ಕ್ಕೆ ಇನ್ನೊಂದು ಸುದ್ದಿ. 12 ದೇಶಗಳವರಿಗೆ ಪೂರ್ತಿ ಪ್ರವೇಶ ನಿಷೇಧ, ಇನ್ನೂ 7 ದೇಶಗಳಿಗೆ ಭಾಗಶಃ, ಜೂನ್ 9ರಿಂದ ಜಾರಿ. ಹದಡಿ ರಸ್ತೆಯ ನಮ್ಮ ಮನೆಗೆ ಮದುವೆಯ ನಂತರವೂ ನೆಂಟರು ಬರುತ್ತಲೇ ಇದ್ದರು. ಮಂಡಕ್ಕಿ ತಟ್ಟೆ ಮುಂದಿಟ್ಟುಕೊಂಡು ದೊಡ್ಡಪ್ಪ ವಾಟ್ಸಾಪ್ ಓದಿ ಹೇಳಿದರು: ‘ಇಂಡಿಯಾದೋರಿಗೂ ಬಂದ್ ಮಾಡಿದಾರಂತೆ.’ ಪಟ್ಟಿ ತೆಗೆದು ಒಂದೊಂದೇ ಹೆಸರು ಓದಿದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಇರಾನ್, ಸುಡಾನ್, ಯೆಮನ್... ಭಾರತ ಇರಲಿಲ್ಲ. ದೊಡ್ಡಪ್ಪ ಒಪ್ಪಿದರು, ಆದರೆ ಆ ಮೆಸೇಜನ್ನು ಅಷ್ಟರಲ್ಲಿ ಮೂರು ಗುಂಪಿಗೆ ಕಳಿಸಿಯಾಗಿತ್ತು.

ನಿಜವಾದ ಪೆಟ್ಟು ಬಿದ್ದದ್ದು ನಮ್ಮ ಲ್ಯಾಬಿನ ಇರಾನಿನ ಗೆಳತಿಗೆ. ಆಕೆಯದು ಸಿಂಗಲ್ ಎಂಟ್ರಿ ವೀಸಾ. ಒಳಗಿರುವವರನ್ನು ಆ ಆದೇಶ ಹೊರಹಾಕುವುದಿಲ್ಲ, ಆದರೆ ಒಮ್ಮೆ ಹೊರಗೆ ಹೋದರೆ ಹೊಸ ವೀಸಾ ಇಲ್ಲ. ತಂದೆಯ ಆಪರೇಷನ್‌ಗೂ ಆಕೆ ಹೋಗಲಿಲ್ಲ. ನಮ್ಮ ಕಷ್ಟ ಅದರ ಮುಂದೆ ಏನೂ ಅಲ್ಲ. ಡಿಸೆಂಬರ್‌ನಲ್ಲಿ ಪಟ್ಟಿ ಇನ್ನೂ ಉದ್ದವಾಯಿತು. ಆಗಲೂ ನಾನು ಮಾಡಿದ್ದು ಅದನ್ನೇ: ಆದೇಶವನ್ನೇ ತೆರೆದು ಓದಿದೆ.

ಜೂನ್ 18ಕ್ಕೆ ಸಂದರ್ಶನಕ್ಕೆ ಸ್ಲಾಟ್ ಮತ್ತೆ ಕೊಡುತ್ತೇವೆ ಅಂದರು. ಜೊತೆಗೆ ಹೊಸ ಷರತ್ತು, ಸೋಷಿಯಲ್ ಮೀಡಿಯಾ ಖಾತೆಗಳನ್ನೆಲ್ಲ ಪಬ್ಲಿಕ್ ಮಾಡಿಡಬೇಕು. ಡಿಎಸ್-160 ಅರ್ಜಿಯಲ್ಲಿ ಹಿಂದಿನ ಐದು ವರ್ಷ ಬಳಸಿದ ಖಾತೆಗಳ ಹೆಸರು ಕೇಳುವುದು ಮೊದಲಿನಿಂದಲೂ ಇತ್ತು. ನಾನು ಮರೆತೇಹೋಗಿದ್ದ ಟ್ವಿಟರ್ ಖಾತೆ ಸಮೇತ ಎಲ್ಲ ಬರೆದೆ. ‘ಡಿಲೀಟ್ ಮಾಡಿಬಿಡು’ ಅಂದವರು ಬಹಳ. ಮಾಡಲಿಲ್ಲ. ಬಚ್ಚಿಟ್ಟಿದ್ದು ಸಿಕ್ಕರೆ ಅದೇ ದೊಡ್ಡ ತಪ್ಪಾಗುತ್ತದೆ, ಹಳೆಯ ಕ್ರಿಕೆಟ್ ಜಗಳ ಯಾರಿಗೆ ಬೇಕು?

ಸ್ಲಾಟ್ ಕೊಡಿಸುತ್ತೇವೆ ಅಂತ ದುಡ್ಡು ಕೇಳುವವರು ನಮ್ಮೂರಲ್ಲೂ ಇದ್ದಾರೆ. ನಿಮ್ಮ ಲಾಗಿನ್, ಪಾಸ್‌ವರ್ಡ್ ಕೇಳುತ್ತಾರೆ. ಕೊಡಲೇಬೇಡಿ. ಯಂತ್ರದಿಂದ ಪದೇಪದೇ ಒಳಗೆ ಹೊಕ್ಕು ನೋಡಿದರೆ ನಿಮ್ಮ ಖಾತೆಯೇ ಲಾಕ್ ಆಗುತ್ತದೆ. ನಾನು ಬೆಳಗ್ಗೆ ರಾತ್ರಿ ನಾನೇ ನೋಡಿ, ಜುಲೈಗೆ ಒಂದು ಹಿಡಿದೆ. ಆಗ ಬೆಂಗಳೂರಿನಲ್ಲಿ ಸಂದರ್ಶನ ಇರಲಿಲ್ಲ. ಚೆನ್ನೈ, ಹೈದರಾಬಾದ್, ಮುಂಬೈ, ದೆಹಲಿ, ಕೋಲ್ಕತ್ತ, ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಬೇಕಿತ್ತು. ಬೆರಳಚ್ಚಿಗೆ ಬೇರೆ ದಿನ, ಹಾಗಾಗಿ ಒಂದು ರಾತ್ರಿ ಉಳಿಯುವ ಲೆಕ್ಕ ಹಾಕಿಕೊಳ್ಳಿ.

ಕಿಟಕಿಯ ಮುಂದೆ ನಿಂತದ್ದು ಐದು ನಿಮಿಷವೂ ಇಲ್ಲ. ‘ಏನು ಸಂಶೋಧನೆ?’ ‘ಬ್ಯಾಟರಿ ಬೇಗ ಹಾಳಾಗದಂತೆ ಒಳಗಿನ ವಸ್ತು ಸುಧಾರಿಸುವುದು.’ ‘ದುಡ್ಡು ಯಾರು ಕೊಡುತ್ತಾರೆ?’ ‘ವಿಶ್ವವಿದ್ಯಾಲಯ.’ ವೀಸಾ ಅಧಿಕಾರಿ ಒಂದಷ್ಟು ಟೈಪ್ ಮಾಡಿ, 221 ಜಿ ಚೀಟಿಯನ್ನೂ ಪಾಸ್‌ಪೋರ್ಟನ್ನೂ ನನ್ನ ಕಡೆ ತಳ್ಳಿದರು. ಅಂದರೆ ಇನ್ನಷ್ಟು ಪರಿಶೀಲನೆ ಇದೆ. ಕೇಳಿದ್ದು ಬಯೋಡೇಟಾ, ಪ್ರಕಟವಾದ ಲೇಖನಗಳ ಪಟ್ಟಿ, ಸಂಶೋಧನೆಯ ಸಾರಾಂಶ, ಗೈಡ್ ಪತ್ರ, ಹಿಂದೆ ಹೋಗಿಬಂದ ದೇಶಗಳ ವಿವರ. ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌.ಡಿ.ಯವರಿಗೆ ಇದನ್ನೇ ಕೇಳುತ್ತಾರೆ ಅಂತ ಸೀನಿಯರ್ ಒಬ್ಬರು ಹೇಳಿದ್ದರಿಂದ ಎಲ್ಲ ಇಮೇಲ್‌ನಲ್ಲಿ ರೆಡಿ ಇತ್ತು. ಅವತ್ತೇ ಸಂಜೆ ಲಾಡ್ಜ್‌ನಿಂದ ಕಳಿಸಿದೆ. ಸಾರಾಂಶ ಒಂದೇ ಪುಟ ಇರಲಿ, ನಿಮ್ಮ ಅಮ್ಮನಿಗೂ ಅರ್ಥವಾಗುವ ಹಾಗೆ ಬರೆಯಿರಿ.

ಆಮೇಲಿನದು ಕಾಯುವ ಕೆಲಸ. ವೆಬ್‌ಸೈಟ್‌ನಲ್ಲಿ ಸ್ಥಿತಿ ನೋಡಿದರೆ ‘ರೆಫ್ಯೂಸ್ಡ್’ ಅಂತ ಬರುತ್ತದೆ. ಅದನ್ನು ನೋಡಿ ಅಪ್ಪ ಅವತ್ತು ಊಟ ಬಿಟ್ಟರು. 221 ಜಿ ಕೊಟ್ಟವರಿಗೆಲ್ಲ ಮೊದಲು ಹಾಗೇ ತೋರಿಸುತ್ತದೆ, ಅದು ಕೊನೆಯ ಮಾತಲ್ಲ. ಮನೆಯವರಿಗೆ ಇದನ್ನು ಮುಂಚೆಯೇ ಹೇಳಿಡಿ.

ಈ ಮಧ್ಯೆ ಚಿತ್ರದುರ್ಗದ ಚಿಕ್ಕಮ್ಮನ ಮಗನ ವಿಷಯ. ಅವನು ಎಂ.ಎಸ್.ಗೆ ಹೊಸದಾಗಿ ಹೊರಟವನು, ಸ್ಲಾಟೇ ಸಿಗಲಿಲ್ಲ. ಜನವರಿಗೆ ಮುಂದೂಡಿಸಿದೆವು. ವಿಶ್ವವಿದ್ಯಾಲಯ ಅದೇ ಸೆವಿಸ್ ನಂಬರಿನಲ್ಲಿ ತಾರೀಕು ಬದಲಿಸಿ ಐ-20 ಕೊಟ್ಟಿತು, ಶುಲ್ಕ ಮತ್ತೆ ಕಟ್ಟಲಿಲ್ಲ. ಬ್ಯಾಂಕಿಗೆ ಹೋಗಿ ಸಾಲದ ಕಂತು ಬಿಡುಗಡೆ ಮಾಡಬೇಡಿ ಅಂತ ಪತ್ರ ಕೊಟ್ಟೆವು. ಇಲ್ಲದಿದ್ದರೆ ಓದು ಶುರುವಾಗುವ ಮೊದಲೇ ಬಡ್ಡಿ ಓಡುತ್ತಿತ್ತು, ಅಲ್ವಾ?

ನನ್ನದು ಆಗಸ್ಟ್ ಕೊನೆಗೆ ‘ಇಶ್ಯೂಡ್’ ಆಯಿತು. ಆ ಹೊತ್ತಿಗೆ ತರಗತಿ ಶುರುವಾಗಿತ್ತು. ಮೇನಲ್ಲಿ ಬರೆಸಿಕೊಂಡಿದ್ದ ಇಮೇಲ್ ಇದ್ದದ್ದರಿಂದ ಗೈಡ್ ನನ್ನ ಕ್ರೆಡಿಟ್ ಉಳಿಸಿದರು, ಟಿಎ (ಬೋಧನಾ ಸಹಾಯಕ) ಕೆಲಸ ಮಾತ್ರ ಬೇರೆಯವರಿಗೆ ಹೋಯಿತು. ವಿಮಾನ ಹತ್ತುವಾಗ ಐ-20, ಡಿಎಸ್‌ಒ ಕೊಟ್ಟ ಹಾಜರಾತಿ ಪತ್ರ, ಫಂಡಿಂಗ್ ಪತ್ರ ಮೂರನ್ನೂ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಇಳಿದ ಜಾಗದಲ್ಲಿ ಅಧಿಕಾರಿ ತಡವಾದದ್ದು ಯಾಕೆ ಅಂತ ಕೇಳಿದ, ಡಿಎಸ್‌ಒ ಪತ್ರ ತೋರಿಸಿದೆ, ಮುದ್ರೆ ಬಿತ್ತು. ರೂಮಿಗೆ ಹೋದ ಕೂಡಲೇ ಐ-94 (ದೇಶದೊಳಗೆ ಬಂದ ದಾಖಲೆ) ಡೌನ್‌ಲೋಡ್ ಮಾಡಿ ನೋಡಿ. ಹೆಸರು, ಪಾಸ್‌ಪೋರ್ಟ್ ನಂಬರ್, ಎಫ್-1 ಅನ್ನುವುದು ಸರಿ ಇರಬೇಕು, ಅವಧಿಯ ಜಾಗವನ್ನೂ ಓದಿಕೊಳ್ಳಿ. ತಪ್ಪಿದ್ದರೆ ಅವತ್ತೇ ಡಿಎಸ್‌ಒಗೆ ಹೇಳಿ.