ಸ್ಪ್ರೆಡ್‌ಶೀಟ್‌ನಲ್ಲಿ ಉಪಗ್ರಹ ಹಾರಿಸಿದ್ದು

ನೆಲದಿಂದ 400 ಕಿ.ಮೀ. ಮೇಲೆ ಹೋದರೆ ಗುರುತ್ವಾಕರ್ಷಣೆ ಇರುವುದಿಲ್ಲ ಎಂದು ನಾನೂ ಬಹಳ ಕಾಲ ನಂಬಿದ್ದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡುವವರನ್ನು ನೋಡಿದ ಮೇಲೆ ಇನ್ನೇನು ಅನ್ನಿಸೀತು? ಒಂದು ರಾತ್ರಿ ಲೆಕ್ಕ ಹಾಕಿ ನೋಡಿದೆ. ನೆಲದ ಮೇಲೆ 9.8 ಇರುವ ಗುರುತ್ವದ ವೇಗೋತ್ಕರ್ಷ ಅಲ್ಲಿ 8.69. ಹೋಗಿರುವುದು ಹತ್ತರಲ್ಲೊಂದು ಪಾಲು, ಅಷ್ಟೆ. ಹಾಗಾದರೆ ನಿಲ್ದಾಣ ಬೀಳುವುದಿಲ್ಲ ಯಾಕೆ? ನಾನೇ ಒಂದು ಉಪಗ್ರಹವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಹಾರಿಸಿಬಿಡೋಣ ಎಂದು ಕೂತೆ.

ಬೇಕಾದದ್ದು ಕೆಲವೇ ಕಾಲಂಗಳು: ಎರಡು ದಿಕ್ಕಿನ ಸ್ಥಾನ, ಎರಡು ದಿಕ್ಕಿನ ವೇಗ, ಸೆಳೆತ. ಕಿಲೋಮೀಟರ್-ಸೆಕೆಂಡ್ ಲೆಕ್ಕದಲ್ಲಿ ಭೂಮಿಯ ಸೆಳೆತಕ್ಕೆಲ್ಲ ಸೇರಿ ಒಂದೇ ಅಂಕಿ, 3,98,600. ಅದನ್ನು ಕೇಂದ್ರದಿಂದಿರುವ ದೂರದ ವರ್ಗದಿಂದ ಭಾಗಿಸಿದರಾಯಿತು. ಮೊದಲ ಸಾಲಿನಲ್ಲಿ ದೂರ 6,771 ಕಿ.ಮೀ. (ಭೂಮಿಯ ತ್ರಿಜ್ಯಕ್ಕೆ ಆ 400 ಸೇರಿಸಿ), ಅಡ್ಡಕ್ಕೆ ಸೆಕೆಂಡಿಗೆ 7.67 ಕಿ.ಮೀ. ವೇಗ. ಸಾಲಿಗೆ ಹತ್ತು ಸೆಕೆಂಡು. ಉಪಗ್ರಹದ ತೂಕಕ್ಕೆ ಕಾಲಂ ಇಡಲಿಲ್ಲ. ಭಾರ ಹೆಚ್ಚಿದಷ್ಟು ಸೆಳೆತವೂ ಹೆಚ್ಚು, ಕದಲಿಸುವ ಕಷ್ಟವೂ ಅಷ್ಟೇ ಹೆಚ್ಚು, ಎರಡೂ ವಜಾ.

ಸೂತ್ರ ಕೆಳಕ್ಕೆಳೆದು ಗ್ರಾಫ್ ಹಾಕಿದೆ. ವೃತ್ತ ಬರಬೇಕಿತ್ತು, ಸುರುಳಿ ಬಂತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಉಪಗ್ರಹ ನೂರಾರು ಕಿ.ಮೀ. ಮೇಲೇರಿತ್ತು. ಎರಡು ಸಂಜೆ ಸೂತ್ರದ ಬ್ರಾಕೆಟ್ ಎಣಿಸಿದ್ದೇ ಬಂತು, ಎಲ್ಲ ಸರಿಯಾಗಿಯೇ ಇತ್ತು.

ಕೊನೆಗೆ ಎರಡನೇ ಸಾಲೊಂದನ್ನೇ ದಿಟ್ಟಿಸಿದೆ. ಎತ್ತರ 400.43 ಎಂದಿತ್ತು. ಹತ್ತೇ ಸೆಕೆಂಡಿನಲ್ಲಿ 434 ಮೀಟರ್ ಏರಿಕೆ! ನನ್ನ ಸೂತ್ರ ಮೊದಲು ಹಳೆಯ ವೇಗದಲ್ಲೇ ಮುಂದೆ ಸಾಗಿ, ಆಮೇಲೆ ವೇಗ ತಿದ್ದಿಕೊಳ್ಳುತ್ತಿತ್ತು. ಅಂದರೆ ಮೊದಲ ಹತ್ತು ಸೆಕೆಂಡು ಉಪಗ್ರಹ ಚೂರೂ ಬೀಳದೆ 76.7 ಕಿ.ಮೀ. ನೆಟ್ಟಗೆ ಹೋಗಿತ್ತು, ಅಷ್ಟರಲ್ಲಿ ದುಂಡಗಿನ ಭೂಮಿ ಕೆಳಗೆ ಬಾಗಿ ದೂರ ಸರಿದಿತ್ತು. ಬಿದ್ದಿದ್ದರೆ ಎಷ್ಟು ಬೀಳುತ್ತಿತ್ತು? ಪಕ್ಕದ ಸೆಲ್‌ನಲ್ಲಿ ಹಾಕಿದೆ: 8.69ರ ಅರ್ಧವನ್ನು ಸಮಯದ ವರ್ಗ 100ರಿಂದ ಗುಣಿಸಿದರೆ 434 ಮೀಟರ್.

ಏರಿದ್ದೂ ಅಷ್ಟೇ, ಬೀಳಬೇಕಾಗಿದ್ದದ್ದೂ ಅಷ್ಟೇ. ಉಪಗ್ರಹ ಬೀಳುತ್ತಲೇ ಇರುತ್ತದೆ, ನೆಲ ಮಾತ್ರ ಅಷ್ಟಷ್ಟೇ ಜಾರಿಕೊಳ್ಳುತ್ತದೆ. ಒಳಗಿನವರೂ ಅದರ ಜೊತೆಗೇ ಬೀಳುವುದರಿಂದ ತೇಲಿದಂತೆ ಕಾಣುತ್ತದೆ. ಇದನ್ನು ಎಷ್ಟೋ ಸಲ ಓದಿದ್ದೆ, ನನ್ನದೇ ತಪ್ಪು ತೋರಿಸಿಕೊಟ್ಟಾಗಲೇ ತಲೆಗೆ ಹೋದದ್ದು.

ರಿಪೇರಿ ಸುಲಭವಾಯಿತು. ಶುರುವಿನಲ್ಲಿ ಐದು ಸೆಕೆಂಡಿನ ವೇಗ ಲೆಕ್ಕ ಹಾಕಿ, ಅದರಿಂದ ಹತ್ತು ಸೆಕೆಂಡಿನ ಸ್ಥಾನ. ಆಮೇಲೆ 15ರ ವೇಗ, 20ರ ಸ್ಥಾನ. ಹೀಗೆ ಒಂದರ ನಡುವೆ ಇನ್ನೊಂದು. ಎತ್ತರ 400ರಲ್ಲೇ ನಿಂತಿತು, 555ನೇ ಸಾಲಿನ ಹೊತ್ತಿಗೆ ಸುತ್ತು ಮುಗಿಯಿತು. ಅಂದರೆ 92 ನಿಮಿಷ ಚಿಲ್ಲರೆ.

ಆಮೇಲೆ ಆಟ. ವೇಗವನ್ನು 9 ಮಾಡಿದೆ: ಉದ್ದನೆಯ ದೀರ್ಘವೃತ್ತ, ಆ ತುದಿಯಲ್ಲಿ ಎತ್ತರ 8,500 ಕಿ.ಮೀ. ದಾಟಿತ್ತು, ವೇಗ 4ರ ಹತ್ತಿರ ಇಳಿದಿತ್ತು. 10.9 ಕೊಟ್ಟಾಗ ಹೋದದ್ದು ಹೋಗೇ ಬಿಟ್ಟಿತು. 7 ಕೊಟ್ಟಾಗ ಮಾತ್ರ ನಗು ಬಂತು. ಭೂಮಿಗೆ ನೆಲ ಅಂತ ಒಂದಿದೆ ಎಂದು ಶೀಟಿಗೆ ನಾನು ಹೇಳಿರಲೇ ಇಲ್ಲ, ಉಪಗ್ರಹ ಒಳಗೆ ನುಗ್ಗಿ ಆ ಕಡೆಯಿಂದ ಹೊರಬಂತು.

ಅದೇ ಶೀಟಿನಲ್ಲಿ ಚಂದ್ರನನ್ನೂ ಕೂರಿಸಿದೆ. ದೂರ 3,84,400 ಕಿ.ಮೀ., ವೇಗ 1.018, ಸಾಲಿಗೆ ಒಂದು ಗಂಟೆ. ಇಲ್ಲಿ ಕಲ್ಲು ಕೈಬಿಟ್ಟರೆ ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಸೆಕೆಂಡಿಗೆ ನಮ್ಮತ್ತ ಬೀಳುವುದು 1.35 ಮಿಲಿಮೀಟರ್. ಭೂಮಿಯ ಕೇಂದ್ರದಿಂದ ಅವನಿಗೆ ದೂರ ನಮಗಿಂತ 60 ಪಟ್ಟು, ಸೆಳೆತ 3,600ರಲ್ಲೊಂದು ಪಾಲು. ನ್ಯೂಟನ್ ತಾಳೆ ನೋಡಿದ್ದೂ ಇದನ್ನೇ. ಆದರೆ ಸುತ್ತಿಗೆ 27.45 ದಿನ ಬಂತು, ನಿಜವಾಗಿ ಹಿಡಿಯುವುದು 27.32. ಮೂರು ಗಂಟೆ ಹೆಚ್ಚು. ತೂಕದ ಕಾಲಂ ಬೇಡ ಎಂದಿದ್ದೆನಲ್ಲ, ಎಡವಿದ್ದು ಅಲ್ಲೇ. ಉಪಗ್ರಹದಿಂದ ಭೂಮಿ ಅಲುಗುವುದಿಲ್ಲ, ಚಂದ್ರನಿಂದ ಅಲುಗುತ್ತದೆ. ಅವನ ದ್ರವ್ಯರಾಶಿ ಭೂಮಿಯ 81ರಲ್ಲೊಂದು ಪಾಲು. ಅದನ್ನು ಸೇರಿಸಿ ವೇಗ ಹೊಂದಿಸಿದೆ, 27.28 ಬಂತು. ಈಗ ಒಂದು ಗಂಟೆಯಷ್ಟು ಕಡಿಮೆ. ಅದು ಸೂರ್ಯನ ಬಾಬತ್ತು, ಆ ಕಾಲಂ ಇನ್ನೂ ಹಾಕಿಲ್ಲ.